ಸೂಜಿಗೆ ಮುಂಚೆ ತಿನ್ನಿಸಿದ ಇಡ್ಲಿ

ತಮ್ಮನ ಹೊಟ್ಟೆನೋವಿಗೆ ಅರಕಲಗೂಡಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ಹಾಸನಕ್ಕೆ ಹೋಗಿ ಅಂದರು. ಅವನ ಹೆಂಡತಿ ಬಾಣಂತಿ, ಹೊಳೆನರಸೀಪುರದ ತವರಲ್ಲಿದ್ದಳು. ಕೊಣನೂರಿನಿಂದ ಅವನ ಜೊತೆ ಬಸ್ಸು ಹತ್ತುವವಳು ನಾನೇ ಆದೆ.

ಹಾಸನದಲ್ಲಿ ಸ್ಕ್ಯಾನ್ ಮಾಡಿ, ಮೇದೋಜೀರಕದಲ್ಲಿ ನೀರು ತುಂಬಿದ ಚೀಲ ಇದೆ ಅಂದರು. ಮೈಸೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು, ನಾಲ್ಕನೇ ಕ್ಲಾಸು ಓದಿದ ನನಗೂ ತಿಳಿಯುವ ಹಾಗೆ ಹೇಳಿದರು:

"ನೋಡಮ್ಮ, ಸ್ಕ್ಯಾನಲ್ಲಿ ಚೀಲ ಕಾಣುತ್ತೆ, ಅದು ಯಾವ ಜಾತೀದು ಅಂತ ಗೊತ್ತಾಗಲ್ಲ. ಸೂಜಿ ಹಾಕಿ ಒಳಗಿನ ನೀರು ತೆಗೆದು ಲ್ಯಾಬಿಗೆ ಕಳಿಸ್ತೀವಿ. ಅದರಲ್ಲಿ ಸಿಇಎ ಅನ್ನೋ ಅಂಶ ಜಾಸ್ತಿ ಇದ್ದರೆ, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಚೀಲ, ಆಪರೇಷನ್ ಮಾಡಿಸೋದು ಒಳ್ಳೇದು. ಕಡಿಮೆ ಇದ್ದರೆ ನೋಡ್ತಾ ಇರಬಹುದು."

ಸೂಜಿಯ ದಿನ ಬರಿಹೊಟ್ಟೆಯಲ್ಲಿ ಹೋದೆವು. ಆಗ ನಮ್ಮ ಮನೆಯಲ್ಲಿ ಹೊಗೆಸೊಪ್ಪು ಒಣಗಿಸುವ ಕಾಲ. ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್‌ಗೆ ಹಗಲೂ ರಾತ್ರಿ ಸೌದೆ ಒಟ್ಟಿ ನನ್ನ ಕಣ್ಣು ಉರಿಯುತ್ತಿದ್ದವು. ಡಾಕ್ಟರು ಬರುವುದು ಮಧ್ಯಾಹ್ನ, ಆಮೇಲೆ ರಾತ್ರಿಯೆಲ್ಲ ಇಲ್ಲೇ ಇರಬೇಕು ಎಂದು ನರ್ಸ್ ಹೇಳಿದಾಗ ಮೈಯೆಲ್ಲ ಸೋತುಹೋಯಿತು.

"ಒಟ್ಟೆ ಒಳ್ಗೆ ಇಲಿ ಓಡಾಡ್ತಾವೆ ಕಣಕ್ಕ" ಅಂದ ತಮ್ಮ.

"ನೀರೂ ಕುಡೀಬ್ಯಾಡ ಅಂದವ್ರೆ, ಸುಮ್ಕಿರ್ಲಾ" ಅಂದವಳು, ಸ್ವಲ್ಪ ಹೊತ್ತಿಗೆ ನಾನೇ ಎದ್ದು ಎದುರಿನ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದೆ. ತಿಂದರೆ ಸೂಜಿ ಹಾಕುವುದಿಲ್ಲ, ಮನೆಗೆ ಕಳಿಸುತ್ತಾರೆ ಎಂದು ಗೊತ್ತಿತ್ತು. ಗೊತ್ತಿದ್ದೇ ತಂದೆ.

"ತಿನ್ಲಾ, ಎಲ್ಡು ಇಡ್ಲಿಗೆ ಏನಾಯ್ತದೆ."

ಅವನು ನನ್ನ ಮುಖ ನೋಡಿದ. ತಿಂದ.

ನರ್ಸ್ ರೇಗಿದಳು. "ಅಷ್ಟು ಹೇಳಿದ್ದೆನಲ್ಲಮ್ಮ! ಇನ್ನು ಮುಂದಿನ ವಾರವೇ."

"ಅಸ್ದೋರ್ಗೆ ಇಕ್ಕೋದು ತಪ್ಪಾ ಸಿಸ್ಟರ್?" ಅಂತ ತಮ್ಮ ನಕ್ಕ. ನಾನು ಬಸ್ಸಿನಲ್ಲಿ ಊರು ಬರುವವರೆಗೂ ನಿದ್ದೆ ಮಾಡಿದೆ.

ಮುಂದಿನ ವಾರ ಸೊಪ್ಪಿನ ಕೆಲಸ. ಅದರ ಮುಂದಿನ ವಾರ ಮಗುವಿನ ನಾಮಕರಣ. ನೋವೂ ಕಡಿಮೆಯಾಗಿತ್ತು, ಅದೊಂದು ನೆಪ ಸಿಕ್ಕಿತು. ನಾನು ಮತ್ತೆ ಅವನನ್ನು ಹೊರಡು ಅನ್ನಲಿಲ್ಲ. ಮುಂದಿನ ವರ್ಷದ ಸೊಪ್ಪು ಮುಗಿಯುವ ಹೊತ್ತಿಗೆ ಅವನು ಸೊರಗಿದ, ಕಣ್ಣು ಹಳದಿಯಾದವು. ಆಗ ಓಡಿದೆವು.

ಈ ಸಲ ಸೂಜಿ ಹಾಕಿದರು. ಬಂದ ನೀರು ಬೆಂಡೆಕಾಯಿ ಲೋಳೆಯ ಹಾಗಿತ್ತಂತೆ. ಸಿಇಎ ತುಂಬಾ ಜಾಸ್ತಿ. ಹೊಸ ಸ್ಕ್ಯಾನಿನಲ್ಲಿ ಈಲಿಯಲ್ಲೂ, ಅಂದರೆ ಲಿವರಿನಲ್ಲೂ, ಗಡ್ಡೆ ಕಂಡಿತು. ಇನ್ನು ಆಪರೇಷನ್ ಆಗುವುದಿಲ್ಲ ಅಂದರು.

"ಆವಾಗಲೇ ಯಾಕಮ್ಮ ವಾಪಸ್ ಕರ್ಕೊಂಡು ಬರಲಿಲ್ಲ?" ಡಾಕ್ಟರು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಅಂದ: "ಅಕ್ಕ ಕರೆದ್ಲು ಸಾ. ನಂಗೇ ಸೂಜಿ ಅಂದ್ರೆ ಭಯ, ಬರ್ನಿಲ್ಲ."

ಡಾಕ್ಟರು ಅವನನ್ನು ಬೈದರು.

ಅವನ ಹೆಂಡತಿ ಈಗಲೂ ಅದನ್ನೇ ನಂಬಿದ್ದಾಳೆ. "ನಿಮ್ಮಪ್ಪ ಸೂಜಿಗೆ ಎದ್ರಿ ಜೀವ ಕಳ್ಕಂಡ್ರು ಕಣ್ಲಾ" ಎಂದು ನನ್ನ ಎದುರೇ ಮಗನಿಗೆ ಹೇಳುತ್ತಾಳೆ. ಅದು ಸುಳ್ಳು ಎಂದು ನಾನು ಇದುವರೆಗೂ ಹೇಳಿಲ್ಲ.