ಕೊಳಕೂರ ಪಂಪ್‌ಹೌಸಿನ ಒಂದನೇ ದರ್ಜೆ ಮೆಕ್ಯಾನಿಕ್

ಕೊಳಕೂರ ಮಲಂಗಸಾಬನ ಕಿವಿ ಯಾವ ವರ್ಷ ಕೆಟ್ಟವು ಅಂತ ಅವನಿಗೇ ಗೊತ್ತಿಲ್ಲ. ಹನ್ನೊಂದು ವರ್ಷ ಹೊಳಿದಂಡಿ ಪಂಪ್‌ಹೌಸಿನಾಗ ಡೀಸೆಲ್ ಇಂಜಿನ್ ಬಾಜೂಕ ನಿಂತು, ಊರ ಟಾಕಿಗೆ ನೀರು ಏರಿಸಿ ಏರಿಸಿ, ಎಡಗಿವಿ ಪೂರಾ ಬಂದ್ ಆಗಿತ್ತು. ಬಲಗಿವಿ ತನ್ನ ಮನಸ್ಸಿಗೆ ಬಂದಾಗಷ್ಟೇ ಕೇಳುತ್ತಿತ್ತು. ಇಂಜಿನ್ ಕೆಲಸಕ್ಕ ಕಣ್ಣಿಗಿಂತ ಕಿವಿ ಮುಖ್ಯ. ಆದರೂ ಅವನ ಇಂಜಿನ್ ಒಂದು ದಿನಾನೂ ನಿಂತಿದ್ದಿಲ್ಲ, ಯಾಕಂದ್ರ ಬಾಗಿಲದಾಗ ಹೆಂಡತಿ ಅಖ್ತರಬೇಗಂ ಇರುತ್ತಿದ್ದಳು. ಬುತ್ತಿ ತರೋ ನೆವದಾಗ ಬಂದು, ಇಂಜಿನ್ ಸಪ್ಪಳ ಕೇಳಿ, ಬೆರಳು ತೋರಿಸುವಾಕಿ. ಒಂದು ಬೆರಳಂದ್ರ ಪೈಪಿನಾಗ ಗಾಳಿ ಹೊಕ್ಕದ. ಎರಡಂದ್ರ ಡೀಸೆಲ್ ಚಿಮ್ಮೋ ನಾಜಲ್ ಕಟ್ಟ್ಯದ. ಮುಷ್ಟಿ ಹಿಡಿದಳೋ, ಬಂದ್ ಮಾಡಿ ದೂರ ಸರೀಬೇಕು. ಊರ ಮಂದಿ, "ಮಲಂಗಸಾಬ ಇಂಜಿನ್ನಿನ ನಾಡಿ ಹಿಡೀತಾನ ನೋಡ್ರಿ" ಅಂತ ಹೊಗಳಿದರ, ಈ ಭೂಪ ಮೀಸಿ ತಿರುವಿ ಸುಮ್ಮನಿರುತ್ತಿದ್ದ.

ಅವನಿಗೆ ಮನಸ್ಸಿನಾಗ ಒಂದೇ ಒಂದು ಕೊರಗು. ಇಪ್ಪತ್ತೆರಡು ವರ್ಷದ ಸಂಸಾರದಾಗ ಹೆಂಡತಿ ಬಾಯಿಂದ ತನ್ನ ಹೆಸರು ಕೇಳಿದ್ದಿಲ್ಲ. ಗಂಡನ ಹೆಸರು ಹೇಳಬಾರದು ಅನ್ನೋದು ಆ ಸೀಮಿಯಾಗ ಎಲ್ಲಾರ ಮನಿಯಾಗೂ ಇದ್ದದ್ದೇ. ಖರೇ, ಅಖ್ತರಬೇಗಂ ಅದರಾಗ ಭಾಳ ಕಟ್ಟಾ. "ಚಮನಬಿ ಅಪ್ಪ" ಅಂತ ಮಗಳ ಹೆಸರಿಂದ ಕರೀತಿದ್ದಳು. ದರ್ಗಾಕ್ಕ ಯಾರರೇ ಜಡಿ ಬಿಟ್ಟ ಮಲಂಗ ಫಕೀರ ಬಂದ್ರೂ, ಆ ಮಾತೇ ನಾಲಿಗಿ ಮ್ಯಾಲ ಬರಬಾರದಂತ "ಆ ಜಡಿಯಾಂವ ಬಂದಾನ" ಅನ್ನುವಾಕಿ. "ಒಂದ್ಸಲ ಹೇಳ, ಯಾರೂ ಇಲ್ಲ" ಅಂತ ಮದುವಿ ಹೊಸದಾಗ ಗೋಗರೆದಿದ್ದ. "ದೇವರು ಅದಾನಲ್ಲ" ಅಂದಿದ್ದಳು.

ಎಂಬತ್ಮೂರನೇ ಇಸವಿ ಬ್ಯಾಸಗಿಯಾಗ ಸರಕಾರದ ಹುಕುಂ ಬಂತು. ಇನ್ನ ಮುಂದ ರಾಷ್ಟ್ರೀಯ ಕಸಬುದಾರರ ರಿಜಿಸ್ಟರಿನಾಗ ಹೆಸರಿದ್ದವರೇ ಇಂಜಿನ್ ಮುಟ್ಟಬೇಕು. ಹೆಸರಿದ್ದರ ನೌಕರಿ ಪರ್ಮನೆಂಟ್, ಇಲ್ಲಂದ್ರ ಮನಿಗೆ. ಗಂಡ ಹೆಂಡತಿ ಇಬ್ಬರೂ ಜೇವರ್ಗಿಗೆ ಓಡಿದರು. ಅಲ್ಲಿ ಒಂದು ಗೋದಾಮಿನಾಗ ಜಗದೇವಪ್ಪ ಅನ್ನೋ ಸಾಹೇಬರು ಕ್ಯಾಂಪ್ ಹಾಕಿದ್ದರು. ಮುಂದ, ತೊಟ್ಟಿಲದಷ್ಟು ದೊಡ್ಡ ಬುಕ್ಕು.

"ನೋಡಪಾ," ಅಂದರು ಜಗದೇವಪ್ಪ, ಬುಕ್ಕಿನ ಮ್ಯಾಲ ಕೈಯಿಟ್ಟು. "ದೇಶದಾಗ ಎಷ್ಟು ಕಸಬು ಅವ, ಅಷ್ಟಕ್ಕೂ ಇದರಾಗ ನಂಬರ್ ಅವ. ಚೌರದಾಂವಗ ಒಂದು, ಬಾವಿ ತೋಡಾಂವಗ ಒಂದು, ಹಲ್ಲು ಕೀಳಾಂವಗ ಒಂದು. ಒಂದೊಂದು ನಂಬರಿಗೆ ಮೂರು ದರ್ಜೆ. ಮೊದಲು ಅನುಭವದ ಪುರಾವೆ, ಆಮ್ಯಾಲ ಪರೀಕ್ಷಾ, ಆಮ್ಯಾಲ ಹೆಸರು. ಒಮ್ಮೆ ಹೆಸರು ಬಿತ್ತೋ, ಕಾಶ್ಮೀರದಾಗ ಹೋಗಿ ಇಂಜಿನ್ ಬಿಚ್ಚಿದ್ರೂ ಯಾರೂ ಕೇಳಂಗಿಲ್ಲ."

"ನಾ ಕೊಳಕೂರದಾಗೇ ಬಿಚ್ಚತೇನ್ರಿ."

"ಪುರಾವೆ ಎಲ್ಲದ?"

ಪಂಪ್‌ಹೌಸಿನ ಹನ್ನೊಂದು ವರ್ಷ ಲೆಕ್ಕಕ್ಕಿಲ್ಲ, ಯಾಕಂದ್ರ ಆ ಕೆಲಸ ರಿಜಿಸ್ಟರಿನಾಗಿಲ್ಲದ ಮನಿಶ್ಯಾ ಮಾಡಿದ್ದು. ಅದಕ್ಕ ಮೊದಲಿಂದ ಊರಾಗ ಅವನದೊಂದು ತಗಡಿನ ರಿಪೇರಿ ಶೆಡ್ಡು ಇತ್ತು. ಅದರ ಮಾಲಕ ತಾನೇ ಆದ್ರ, ತನಗ ತಾನೇ ಪುರಾವೆ ಕೊಟ್ಟುಕೊಳ್ಳೋ ಹಂಗಿಲ್ಲ. ಜಗದೇವಪ್ಪ ತಲಿ ಕೆರಕೊಂಡು ಶೆಡ್ಡಿನ ಕಾಗದ ತಿರುವಿ ಹಾಕಿದರು. ಜಾಗಾ ಅಖ್ತರಬೇಗಂ ತವರಿನವರು ಆಕಿ ಹೆಸರಿಗೆ ಕೊಟ್ಟದ್ದು. ಸಾಹೇಬರ ಮಾರಿ ಅರಳಿತು.

"ಹಂಗಾದ್ರ ಮಾಲಕಳು ಈಕಿ! ನೀ ಈಕಿ ನೌಕರ! ಬಾರವಾ, ಹೇಳಿಕಿ ಕೊಡು. ಉಳಿದವರು ಬಾಯಿ ಮುಚ್ಚಬೇಕು. ಮಾಲಕರು ಮಾತಾಡುವಾಗ ನೌಕರ ಮಾತಾಡಿದರ ಅರ್ಜಿ ರದ್ದು."

ಅಖ್ತರಬೇಗಂ ಸೆರಗು ಸರಿ ಮಾಡಿಕೊಂಡು ಮುಂದ ಬಂದಳು. ತನ್ನ ಹೆಸರು ಹೇಳಿದಳು, ಹೆಬ್ಬಟ್ಟು ಒತ್ತಿದಳು.

"ನೌಕರನ ನಡತಿ ಹ್ಯಾಂಗದ?"

"ಚಾ ಕುಡದು ಕಪ್ಪ ಅಲ್ಲೇ ಬಿಡ್ತಾರ್ರಿ."

"ನಡತಿ ಸಾಧಾರಣ," ಅಂತ ಬರಕೊಂಡರು ಸಾಹೇಬರು. ಮಲಂಗಸಾಬ ಹಲ್ಲು ಕಡಿದ. "ನೌಕರನ ಹೆಸರು?"

ಅಖ್ತರಬೇಗಂ ನೆಲ ನೋಡಿದಳು.

"ಹೆಸರು ಹೇಳವಾ. ನೀನೇ ಹೇಳಬೇಕು."

"ಇವರೇರಿ."

"ಇವರು ಅಂದ್ರ ಯಾರು?"

"ಇಲ್ಲೇ ನಿಂತಾರಲ್ರಿ. ಉದ್ದನ್ನ ಮೂಗಿನವರು."

ನೌಕರಿ ಹೋಗೋ ಹೊತ್ತಿನಾಗೂ ಮಲಂಗಸಾಬ ಬಲಗಿವಿ ಮುಂದ ಮಾಡಿ ನಿಂತಿದ್ದ. ಈಗರೇ ಹೇಳ್ಯಾಳು ಅಂತ ಆಸಿ. ಆಕಿ ಹೇಳಲಿಲ್ಲ. ಹಿಂದ ಸರತಿ ಬೆಳೆದಿತ್ತು. ಜಗದೇವಪ್ಪ ಬೇಸತ್ತು, ಹೆಸರಿನ ಜಾಗಾ ಖಾಲಿ ಬಿಟ್ಟು, "ಮ್ಯಾಲಿನ ಆಫೀಸಿನವರು ನೋಡಿ ತುಂಬತಾರ" ಅಂತ ಪರೀಕ್ಷಾಕ್ಕ ಕಳಿಸಿದರು.

ಪರೀಕ್ಷಾದಾಗ ಒಂದು ಹಳೀ ಇಂಜಿನ್ ಭಡಭಡ ಅಂತ ಕೆಮ್ಮಾಕತ್ತಿತ್ತು. ಸಪ್ಪಳ ಕೇಳಿ ರೋಗ ಹೇಳಬೇಕು. ಮಲಂಗಸಾಬಗ ಕೇಳಿಸಿದ್ದು ಬರೇ ಗುಂಯ್. ಅಂವ ಅಡ್ಡ ಕಟ್ಟಿದ ಹಗ್ಗದ ಆಚೆ ನಿಂತ ಹೆಂಡತಿನ್ನ ನೋಡಿದ. ಎರಡು ಬೆರಳು. "ನಾಜಲ್ರೀ!" ಅಂದ. ಮುಂದಿನ ಇಂಜಿನ್. ಒಂದು ಬೆರಳು. "ಗಾಳಿರೀ!" ಜಗದೇವಪ್ಪ ಬೆರಗಾಗಿ ಒಂದನೇ ದರ್ಜೆ ಕೊಟ್ಟರು.

ಎರಡು ತಿಂಗಳಾದ ಮ್ಯಾಲ ಜಗದೇವಪ್ಪನವರೇ ಬುಕ್ಕು ಹೊತಗೊಂಡು ಕೊಳಕೂರ ಪಂಪ್‌ಹೌಸಿಗೆ ಬಂದರು. ಅವರ ಜೋಡಿ, ಮ್ಯಾಲಿನ ಸಾಹೇಬರೊಬ್ಬರ ಮೈದುನ ಖಂಡಪ್ಪ ಇದ್ದ. ಊರ ಮಂದಿ ಕೂಡಿದರು. ಸಾಹೇಬರು ಕನ್ನಡಕ ಏರಿಸಿ ಗಟ್ಟ್ಯಾಗಿ ಓದಿದರು. "ಡೀಸೆಲ್ ಇಂಜಿನ್ ಮೆಕ್ಯಾನಿಕ್, ದರ್ಜೆ ಒಂದು, ಅಖ್ತರಬೇಗಂ, ನಡತಿ ಸಾಧಾರಣ."

ಮಂದಿ ಗೊಳ್ಳಂತ ನಕ್ಕರು. ಆದದ್ದಿಷ್ಟೇ. ಇಡೀ ಅರ್ಜಿಯಾಗ ಇದ್ದದ್ದು ಒಂದೇ ಹೆಸರು. ಮ್ಯಾಲಿನ ಆಫೀಸಿನವರು ಖಾಲಿ ಜಾಗಾದಾಗ ಅದನ್ನೇ ತುಂಬಿ ಕೈ ತೊಳಕೊಂಡಿದ್ದರು.

"ತಪ್ಪಾಗ್ಯದರಿ, ತಿದ್ದರಿ!" ಅಂತ ಕೂಗಿದ ಮಲಂಗಸಾಬ.

"ನೀ ಯಾರಪಾ ಕೇಳಾಕ? ರಿಜಿಸ್ಟರಿನಾಗ ಹೆಸರಿದ್ದವರೇ ತಿದ್ದಾಕ ಅರ್ಜಿ ಕೊಡಬೇಕು. ಈಕಿ ಕೊಡಬಹುದು. ಕೊಟ್ಟರ ಒಂದು ವರ್ಷ ವಿಚಾರಣಾ ನಡೀತದ, ಅಲ್ಲೀತನಕ ಇಂಜಿನ್ ಖಂಡಪ್ಪ ನಡಸ್ತಾನ. ಆಂವಗ ಸೈಕಲ್ ರಿಪೇರಿದು ನಂಬರ್ ಅದ."

ಖಂಡಪ್ಪ ಇಂಜಿನ್ ಸುತ್ತ ಒಂದು ಸುತ್ತು ಹಾಕಿ, ಪೆಡಲ್ ಹುಡುಕುವವರಂಗ ಕೆಳಗ ಬಗ್ಗಿ ನೋಡಿದ. ಅದನ್ನ ನೋಡಿ ಅಖ್ತರಬೇಗಂ, "ನಾನೇ ನಡಸ್ತೇನ್ರಿ" ಅಂದಳು.

ಸಾಹೇಬರು ಮತ್ತ ಬುಕ್ಕು ತಿರುವಿದರು. "ಆಗಬಹುದು. ಒಂದನೇ ದರ್ಜೆಗೆ ಒಬ್ಬ ಪರ್ಮನೆಂಟ್ ಮದದಗಾರ, ಅಂದ್ರ ಕೈಯಾಳು, ಇರತಾನ. ಆಂವಗ ನಂಬರ್ ಬ್ಯಾಡ, ಪರೀಕ್ಷಾ ಬ್ಯಾಡ. ಖರೇ, ಮೆಕ್ಯಾನಿಕ್ ಎಲ್ಲಾರ ಮುಂದ ತನ್ನ ಬಾಯಿಲೆ ಆಂವನ ಹೆಸರು ಹೇಳಬೇಕು. ಈ ಸಲ ಖಾಲಿ ಬಿಡಂಗಿಲ್ಲ ನೋಡವಾ. ನೀ ಹೇಳದಿದ್ದರ ಖಂಡಪ್ಪನ್ನ ಬರಕೋತೇನಿ."

ಮಲಂಗಸಾಬ ಇಂಜಿನ್ ತಿರುವೋ ಹ್ಯಾಂಡಲ್ ಹಿಡಕೊಂಡು ನಿಂತಿದ್ದ. ಹನ್ನೊಂದು ವರ್ಷ ತನ್ನ ಹೊಗಳಿಕಿ ಎಲ್ಲಾ ಆಕಿ ಬೆರಳಿಂದ ಬಂದದ್ದು, ತಾ ಅದನ್ನ ಒಮ್ಮೆನೂ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ಈಗ ಆಕಿ ಬಾಯಿ ಬಿಡಲಿ ಅಂತ ಯಾವ ಮಾರಿ ಇಟ್ಟುಕೊಂಡು ಕೇಳಬೇಕು? ನಾಚಿಕಿ ಆತು. ಸಾಹೇಬರು ಕಾಯಾಕತ್ತಿದ್ದು ನೋಡಲಾಗದೆ, ಬೆನ್ನು ತಿರುವಿ ಹ್ಯಾಂಡಲ್ ಹೊಡೆದ. ಇಂಜಿನ್ ಭಡ್ ಅಂತ ಎದ್ದಿತು. ಇಡೀ ಪಂಪ್‌ಹೌಸು ಅದುರಾಕತ್ತಿತು.

ಅಖ್ತರಬೇಗಂ ಅವನ ಎಡಕ್ಕ ಬಂದು ನಿಂತಳು. ಸೆರಗು ಬಾಯಿಂದ ತಗದು, ಇಂಜಿನ್ ಸಪ್ಪಳ ಮೀರೋ ಹಂಗ ಹೆಸರು ಹೇಳಿದಳು. ಜಗದೇವಪ್ಪ ಬರಕೊಂಡರು. ಖಂಡಪ್ಪ ಟೊಪ್ಪಿಗಿ ಹಾಕಿಕೊಂಡು ಹೊಂಟ.

ಮಲಂಗಸಾಬ ತಿರುಗಿ ನೋಡಿದಾಗ ಎಲ್ಲಾರೂ ಅವನನ್ನೇ ನೋಡಾಕತ್ತಿದ್ದರು. ಹೆಂಡತಿ ಮಾರಿ ಕೆಂಪಗಾಗಿತ್ತು.

"ಏನಂದಿ?" ಅಂದ. "ಏ, ಏನಂದಿ ಈಗ? ನನಗ ಕೇಳಲಿಲ್ಲ!"

"ಹೇಳಿದೆ," ಅಂದಳು, ಬಲಗಿವಿ ಕಡೆ ಸರಿದು.

"ಇನ್ನೊಮ್ಮೆ ಹೇಳ!"

"ಒಮ್ಮೆ ಹೇಳೋದದ, ಹೇಳೇನಿ. ಇನ್ನ ಬುಕ್ಕಿನಾಗ ನೋಡಕೋರಿ."

ಮಲಂಗಸಾಬ ಇಂಜಿನ್ ಬಿಟ್ಟು ಬುಕ್ಕಿನ ಹತ್ತಿರ ಓಡಿದ. ಹಾಳಿ ಮ್ಯಾಲ ಹಸಿ ಶಾಯಿಯಾಗ ಏನೋ ಇತ್ತು. ಅವನಿಗೆ ಓದು ಬರತಿದ್ದಿಲ್ಲ.

"ಸಾಹೇಬ್ರ, ಇದರಾಗ ನನ್ನ ಹೆಸರು ಯಾವುದ್ರಿ?"

"ಮ್ಯಾಲಿಂದು ಮೆಕ್ಯಾನಿಕ್‌ದು. ಅದರ ಕೆಳಗಿಂದು ನಿಂದು."

ಡೀಸೆಲ್ ಕೈ ಹೆಗಲ ಮ್ಯಾಲಿನ ಪಂಜಾಕ್ಕ ಒರಸಿಕೊಂಡು, ಅಳಿಸೀತಂತ ಅಂಜಿ ಮುಟ್ಟದೆ, ಮಲಂಗಸಾಬ ಆ ಸಾಲಿನ ಮ್ಯಾಲ ಕಿವಿ ಇಟ್ಟವರಂಗ ಬಗ್ಗಿ ನಿಂತ. ಅವನ ಕಣ್ಣು ತುಂಬಿ ಬಂದವು. ಬಾಗಿಲದಾಗ ಅಖ್ತರಬೇಗಂ ಎರಡು ಬೆರಳು ಎತ್ತಿ ನಿಂತಿದ್ದಳು. ನಾಜಲ್ ಕಟ್ಟಿತ್ತು, ಅಂವ ನೋಡಲಿಲ್ಲ.