ಗಲ್ಲಕ್ಕೆ ಮಾತ್ರ

ಪುಟ್ಟ ತಗಡಿನ ಡಬ್ಬಿ. ಇವತ್ತು ಬೆಳಿಗ್ಗೆ ಬಸದಿಯಿಂದ ಬಂದು ಕಪಾಟಿನಲ್ಲಿ ಸೀರೆ ಹುಡುಕುವಾಗ ಕೈಗೆ ಸಿಕ್ಕಿತು. ಹೋದ ಸಲ ಬಂದಾಗ ಮಗಳು ಪದ್ಮಾ ನನಗೆಂದೇ ತಂದು ಬಿಟ್ಟುಹೋಗಿದ್ದು. "ತುಟಿಗೂ ಹಚ್ಚಬಹುದು, ಗಲ್ಲಕ್ಕೂ ಹಚ್ಚಬಹುದು ಅವ್ವಾ. ಹಚ್ಚಿದ್ದು ಗೊತ್ತೂ ಆಗಂಗಿಲ್ಲ" ಎಂದಿದ್ದಳು. ಗೊತ್ತಾಗದ ಮೇಲೆ ಹಚ್ಚುವುದೇಕೆ ಎಂದು ಆಗ ನಕ್ಕು ಒಳಗಿಟ್ಟಿದ್ದೆ. ಇವತ್ತು ನನಗೆ ಬೇಕಾಗಿದ್ದುದೇ ಅಂಥದ್ದು ನೋಡಿ, ಹಚ್ಚಿದ್ದು ಗೊತ್ತಾಗದಂಥ ಬಣ್ಣ.

ಯಾಕೆಂದು ಹೇಳುತ್ತೇನೆ. ಇದು ನಮ್ಮ ಜೈನರ ದಶಲಕ್ಷಣ ಪರ್ವದ ಏಳನೆಯ ದಿನ. ಹತ್ತೂ ದಿನ ಏಕಾಸನ ಹಿಡಿದಿದ್ದೇನೆ. ಅಂದರೆ ದಿನಕ್ಕೆ ಒಂದೇ ಊಟ, ನೀರೂ ಆಗಲೇ. ಹೋದ ವರ್ಷ ಎಂಟನೆಯ ದಿನ ಹಿತ್ತಲಲ್ಲಿ ತಲೆ ತಿರುಗಿ ಬಿದ್ದೆ. ವ್ರತ ಅಲ್ಲಿಗೇ ನಿಂತಿತು. ಆ ಕೊರಗು ವರ್ಷವಿಡೀ ನನ್ನ ಜೊತೆಗಿತ್ತು. ಈ ಸಲ ಡಾಕ್ಟರರು ಆಗಬಹುದು ಎಂದಿದ್ದಾರೆ. ಆದರೆ ಪದ್ಮಾಗೆ ಡಾಕ್ಟರರ ಮಾತಿಗಿಂತ ನನ್ನ ಮುಖದ ಮೇಲೆ ನಂಬಿಕೆ. ನಿನ್ನೆ ನಿಪ್ಪಾಣಿಯಿಂದ ಫೋನ್ ಮಾಡಿ, "ನಾಳೆ ಬರತೀನಿ. ಮಾರಿ ಬಾಡಿತ್ತಂದ್ರ ಅಲ್ಲೇ ಕುಂದ್ರಿಸಿ ಹಾಲು ಕುಡಸ್ತೀನಿ, ಉಪಾಸ ಬಂದ್. ಮದಲ ಹೇಳಲಿಲ್ಲ ಅನಬ್ಯಾಡ" ಎಂದಳು. ಅವಳು ಶಾಲೆಯಲ್ಲಿ ಕಲಿಸುವವಳು, ಹೇಳಿದ್ದನ್ನು ಮಾಡಿಯೇ ತೀರುತ್ತಾಳೆ.

ಕನ್ನಡಿಯಲ್ಲಿ ನೋಡಿಕೊಂಡೆ. ಬಾಡಿತ್ತು. ಸುಳ್ಳೇಕೆ ಹೇಳಲಿ?

ಡಬ್ಬಿಯೊಳಗೆ ಬಣ್ಣ ಕಪ್ಪು ದ್ರಾಕ್ಷಿಯಷ್ಟು ಗಾಢವಾಗಿತ್ತು. ಬೆರಳಿಟ್ಟರೆ ಬೆಣ್ಣೆಯ ಹಾಗೆ ಮೆತ್ತಗೆ. ಮೊದಲ ಸಲವಲ್ಲವೇ, ಹಪ್ಪಳಕ್ಕೆ ಎಣ್ಣೆ ಸವರುವಷ್ಟು ಧಾರಾಳವಾಗಿ ತೆಗೆದು ಬಳಿದುಕೊಂಡೆ. ಹೊಲಕ್ಕೆ ಹೊರಟಿದ್ದ ನಮ್ಮವರು ಬಾಗಿಲಲ್ಲೇ ನಿಂತರು. "ಏನ ಇದು? ನಾಟಕದಾಗ ಪಾರ್ಟ ಹಾಕಾಕತ್ತೀಯೇನ?"

"ನೀವು ಸುಮ್ಮ ಹೊಲಕ್ಕ ನಡೀರಿ" ಎಂದು ಕಳಿಸಿ, ಒರೆಸಿ, ಮತ್ತೆ ಉಗುರ ತುದಿಯಷ್ಟು ತೆಗೆದು ತಿಕ್ಕಿದೆ. ಈಗ ಬಣ್ಣ ಚರ್ಮದೊಳಗೇ ಇಳಿದು, ಬಿಸಿಲಲ್ಲಿ ನಡೆದು ಬಂದವಳ ಗಲ್ಲದ ಹಾಗೆ ತಿಳಿಯಾಗಿ ಕೆಂಪಾಯಿತು. ತುಟಿಗೂ ಒಂದಿಷ್ಟು. ಮೂರನೆಯ ದಿನ ಬಸದಿಯಲ್ಲಿ ಆರ್ಜವ ಧರ್ಮದ ಪ್ರವಚನ ಕೇಳಿ, ಮನಸ್ಸಿನಲ್ಲಿ ವಕ್ರವಿರಬಾರದು ಎಂಬುದಕ್ಕೆ ಎಲ್ಲರಿಗಿಂತ ಹೆಚ್ಚು ತಲೆದೂಗಿ ಬಂದವಳು ನಾನು. ಏಳನೆಯ ದಿನ ಕನ್ನಡಿಯ ಮುಂದೆ ನಿಂತು, ಹೊಟ್ಟೆಯಲ್ಲಿ ಹುಟ್ಟಿದ ಮಗಳ ಕಣ್ಣು ತಪ್ಪಿಸುವ ಕೆಲಸ ನಡೆಸಿದ್ದೆ.

ಆಮೇಲೆ ಡಬ್ಬಿಯ ತಳ ತಿರುವಿದೆ. ಬಿಸ್ಕೀಟಿನ ಪುಡಿಕೆಯನ್ನೂ ಓದದೆ ಬಾಯಿಗಿಡದವಳು ನಾನು; ಇದನ್ನು ಮಾತ್ರ ಹಚ್ಚಿಕೊಂಡ ಮೇಲೆ ಓದಿದೆ. ಚಾಳೀಸು ಏರಿಸಿ, ಸಾಸಿವೆಯಷ್ಟು ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದರೆ, ಬೀಟ್‌ರೂಟ್! ನೆಲದೊಳಗೆ ಬೆಳೆಯುವ ಗಡ್ಡೆ ನಮಗೆ ವರ್ಜ್ಯ. ನಮ್ಮ ಅಡುಗೆಮನೆಗೆ ಬಟಾಟೆ ಕೂಡ ಬಂದದ್ದಿಲ್ಲ. ಮೇಲಾಗಿ ಊಟದ ಹೊತ್ತಿನ್ನೂ ಆಗಿರಲಿಲ್ಲ. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡೆನೋ ಇಲ್ಲವೋ, ನನಗೇ ನೆನಪಿಲ್ಲ. ಬಚ್ಚಲಿಗೆ ಓಡಿ ತುಟಿ ತೊಳೆದು, ಒಂಬತ್ತು ಸಲ ಣಮೋಕಾರ ಮಂತ್ರ ಹೇಳಿ, ತಿಳಿಯದೆ ಆದದ್ದನ್ನು ಕ್ಷಮಿಸು ದೇವರೇ ಎಂದು ಕೈಮುಗಿದೆ. ಗಲ್ಲದ್ದು ಹಾಗೆಯೇ ಇತ್ತು. ಗಲ್ಲಕ್ಕೆ ಬಾಯಿಲ್ಲವಲ್ಲ.

ಕೈ ಮೂಸಿದರೆ ಏನೋ ಜಿಡ್ಡಿನ ವಾಸನೆ. ಅದರ ಬೆನ್ನಿಗೇ ನಮ್ಮ ಅತ್ತೆಯವರು ಕಣ್ಣೆದುರು ಬಂದರು.

ನಾನು ಕರೋಶಿಯಿಂದ ಅಂಕಲಿಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ. ಅತ್ತೆಯವರು ಬಲು ಬಿಗಿ. ಪೌಡರ್ ಹಚ್ಚಿಕೊಂಡರೆ, "ಹಿಟ್ಟಿನ ಗಿರಣಿಯಿಂದ ಬಂದಿಯೇನಬೇ?" ಎಂದು ಕೇಳುವವರು. ತುಪ್ಪವನ್ನಂತೂ ಚಮಚದ ತುದಿಯಿಂದ ಹನಿಸುತ್ತಿದ್ದರು. ಆ ಮಳೆಗಾಲದಲ್ಲಿ ನನಗೆ ವಿಷಮಜ್ವರ ಬಂದು, ಇಪ್ಪತ್ತು ದಿನ ಮಲಗಿ, ಎದ್ದಾಗ ಮುಖ ಸುಣ್ಣದ ಗೋಡೆಯಂತಾಗಿತ್ತು. ತವರಿಗೆ ತಿಳಿಸಿರಲಿಲ್ಲ. ಅಷ್ಟರಲ್ಲಿ ಅವ್ವ ಬರುತ್ತಾಳೆಂದು ಸುದ್ದಿ ಬಂತು.

ಅತ್ತೆಯವರು ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. ಅಂಗೈಯಲ್ಲಿ ತುಪ್ಪ, ಒಂದು ಚಮಚವಲ್ಲ, ಎರಡು. ಅದಕ್ಕೆ ಚಿಟಿಕೆ ಕುಂಕುಮ ಕಲಸಿ, ನನ್ನ ಗಲ್ಲಕ್ಕೆ ತಿಕ್ಕಿದರು.

"ಮಾರಿ ಎತ್ತು. ಅಳಬ್ಯಾಡ, ಬಣ್ಣ ಹರೀತೈತಿ."

"ಅವ್ವಗ ಗೊತ್ತಾಗ್ತೈತಿ ಅತ್ತಿಯವ್ರ."

"ನಿಮ್ಮವ್ವ ಹೊಳಿ ದಂಡಿ ಕೆಸರಾಗ ನಡಕೊಂಡು ಬರತಾಳ. ಬಂದಕೂಡ್ಲೆ ಆಕಿ ಎದಿ ಒಡಿಬೇಕೇನು? ಮದಲ ನೀರು ಕುಡೀಲಿ. ಆಮ್ಯಾಲ ನಾನ ಹೇಳತೀನಿ."

ಅವ್ವ ಬಂದಳು. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ನಿವಾಳಿಸಿ ನೆಟಿಗೆ ಮುರಿದಳು. "ಚಲೋ ಅದೀಯಲ್ಲ" ಎಂದಳು, ಅಷ್ಟೇ. ನೀರು ಕುಡಿದ ಮೇಲೆ ಅತ್ತೆಯವರು ಜ್ವರದ ಕಥೆಯನ್ನೆಲ್ಲ ಹೇಳಿದಾಗಲೂ ಅವಳು ಗಾಬರಿಯಾಗಲಿಲ್ಲ. ನನಗೆ ಅದೇ ಸೋಜಿಗ. ಎಷ್ಟೋ ವರ್ಷ ಕಳೆದ ಮೇಲೆ ಕೇಳಿದ್ದಕ್ಕೆ ನಕ್ಕುಬಿಟ್ಟಳು: "ಮಾರಿ ಹಿಡಿದಾಗನ ತುಪ್ಪದ ವಾಸನಿ ಬಂತಲ್ಲಬೇ. ಕೈ ನೋಡಿದ್ರ ಕೆಂಪ. ನಿಮ್ಮತ್ತಿ ತುಪ್ಪದ ಹಿಡಿತ ನನಗೇನು ಗೊತ್ತಿಲ್ಲೇನು? ಆ ಕೈಲೆ ಗಲ್ಲಕ್ಕ ಅಷ್ಟು ತುಪ್ಪ ಹಚ್ಚ್ಯಾಳಂದ್ರ, ನನ್ನ ಮಗಳಿಗೆ ಇಲ್ಲಿ ಏನೂ ಆಗಂಗಿಲ್ಲ ಅಂತ ತಿಳಕೊಂಡ್ನಿ."

ಇದೆಲ್ಲ ನೆನಪಾಗಿ ನಾನು ನಿಂತಲ್ಲೇ ನಿಂತಿದ್ದೆ. ಅತ್ತೆಯವರು ಬಣ್ಣ ಹಚ್ಚಿದ್ದು ಅವ್ವ ನೀರು ಕುಡಿಯುವ ತನಕ. ನಾನು ಹಚ್ಚಿಕೊಂಡದ್ದು ಮೂರು ದಿನ ತಳ್ಳುವುದಕ್ಕೆ. ಎರಡೂ ಒಂದೇ ಅಲ್ಲ. ಸೆರಗು ಒದ್ದೆ ಮಾಡಿ ಒಂದು ಗಲ್ಲ ಒರೆಸುವಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

ಪದ್ಮಾ ಚೀಲವನ್ನೂ ಇಳಿಸಲಿಲ್ಲ. ಗಲ್ಲ ಮುಟ್ಟಿದಳು, ಬೆರಳು ನೋಡಿಕೊಂಡಳು.

"ಅವ್ವಾ, ಇದು ನಾ ಕೊಟ್ಟ ಡಬ್ಬಿ ಬಣ್ಣ."

"ಹೂಂ. ಹಚ್ಚಕೊಂಡೀನಿ. ಒಳಗ ಮಾರಿ ಬಾಡೈತಿ. ಆದ್ರ ತಲಿ ತಿರುಗಿಲ್ಲ, ದೇವ್ರಾಣಿಗೂ ಇಲ್ಲ. ಈ ಸಲ ಹತ್ತೂ ದಿನ ಮುಗಸಬೇಕು ಅಂತ ಭಾಳ ಆಸಿ ಐತಿ, ಪದ್ಮಾ."

ಅವಳು ಚೀಲ ಇಳಿಸಿದಳು. ಹಾಲಿನ ಮಾತು ಬರುತ್ತದೆಂದು ನಾನು ಕಾದೆ.

"ಎಷ್ಟು ದಿನಾ ಉಳದಾವು?"

"ಇವತ್ತಿಂದು ಬಿಟ್ಟು ಮೂರು."

"ಹಂಗಾರ ನಾನೂ ಮೂರು ದಿನಾ ಇಲ್ಲೇ ಇರತೀನಿ, ರಜಾ ಹಾಕತೀನಿ. ಬೀಳೂದಿದ್ರ ನನ್ನ ಮುಂದ ಬೀಳು, ಹಿತ್ತಲದಾಗ ಒಬ್ಬಾಕಿನ ಬೀಳಬ್ಯಾಡ. ತಲಿ ತಿರುಗಿದ್ರ ಮಾತ್ರ ನಾ ಹೇಳಿದ್ದ ನಡೀಬೇಕು." ಆಮೇಲೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಥೂ, ಒಂದು ಗಲ್ಲ ಕೆಂಪ, ಒಂದು ಬೆಳ್ಳಗ. ಕೊಡಿಲ್ಲಿ ಡಬ್ಬಿ."

ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಎರಡನ್ನೂ ಸಮ ಮಾಡಿದಳು. ತುಟಿಗೆ ಕೈ ತಂದಾಗ ನಾನು ಬಾಯಿ ಬಿಗಿ ಮುಚ್ಚಿ ತಲೆಯಾಡಿಸಿದೆ. ಬೀಟ್‌ರೂಟಿನ ಕಥೆ ಕೇಳಿ ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಮಧ್ಯಾಹ್ನ ನನ್ನ ಒಂದೇ ಊಟಕ್ಕೆ ಅವಳೇ ಬಡಿಸಿದಳು. ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿ, ನನ್ನ ಮುಖ ನೋಡಿ, ಇನ್ನೊಂದು ಚಮಚ ಹಾಕಿದಳು. ನಾನು ಸಾಕೆನ್ನಲಿಲ್ಲ.