ತಟ್ಟೆ ಬಿಡದ ಡಿಜೆ

ಡಿಜೆ ಕೆಲಸ ಮಾಡುವ ನನ್ನ ತಮ್ಮ ಮಹಾ ಹಟಮಾರಿ, ಹೆಂಡತಿಗಾಗಿಯೂ ಬಗ್ಗದವನು. ಪಾರ್ಟಿಗಳಿಗೆ ಇಂದಿಗೂ ಗ್ರಾಮಫೋನ್ ತಟ್ಟೆಗಳನ್ನೇ ಹೊರುತ್ತಾನೆ. ಒಂದೊಂದನ್ನೂ ಅಂಚು ಹಿಡಿದೆತ್ತಿ, ಕನ್ನಡಕದಂತೆ ಒರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಾನೆ. ಯಾರಾದರೂ ಸಿಡಿ ಕೊಟ್ಟರೆ, "ಇದ್ರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೊಳ್ಳಿ" ಎನ್ನುತ್ತಾನೆ. ಪೆನ್‌ಡ್ರೈವ್ ತಂದವರಿಗೆ ಅಷ್ಟು ಮರ್ಯಾದೆಯೂ ಇಲ್ಲ. ಕರೆಯುವವರು ಕಡಿಮೆಯಾದಾಗ ಹೆಂಡತಿ, "ರೀ, ಕಾಲಕ್ಕೆ ತಕ್ಕ ಹಾಗೆ ಕುಣೀರಿ" ಎಂದು ಗೋಗರೆದಳು. "ಕುಣಿಸೋದು ನನ್ನ ಕೆಲಸ, ಕುಣಿಯೋದಲ್ಲ" ಎಂದ. ಈಗ ಆಕೆ ಹಾಸಿಗೆ ಹಿಡಿದಿದ್ದಾಳೆ. ಏಳುವ ಭರವಸೆಯನ್ನು ಡಾಕ್ಟರು ಕೊಟ್ಟಿಲ್ಲ. ಅವನಿಲ್ಲದಾಗ ಹಾಡೇ ಆಕೆಗೆ ಜೊತೆ. ಆದರೆ ತಟ್ಟೆಯ ಒಂದು ಮಗ್ಗುಲು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ, ಎದ್ದು ಮಗುಚಿ ಹಾಕಲು ಆಕೆಗೆ ಶಕ್ತಿಯಿಲ್ಲ. ಮೊನ್ನೆ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ನಾನು ಹೋಗಿದ್ದೆ. ದಿಂಬಿನ ಪಕ್ಕ ಸಿಡಿ ಪ್ಲೇಯರ್ ಇಟ್ಟು, ತಟ್ಟೆಗಳಿಂದ ತಾನೇ ಹಾಡು ಇಳಿಸಿದ್ದ ಸಿಡಿಯನ್ನು, ಮುಗಿದಾಗ ಮತ್ತೆ ಮೊದಲಿಂದ ಶುರುವಾಗುವಂತೆ, ಅದಕ್ಕೆ ಹಾಕಿದ. "ನಾನು ಬರೋವರೆಗೂ ನಿಲ್ಲಲ್ಲ ಕಣೇ" ಎಂದವನು, ನನ್ನ ಮುಖ ನೋಡದೆ ಗುಂಡಿ ಒತ್ತಿದ.